ಹೂವಿನ ಹೆಸರಲ್ಲಿ ಉಳಿದ ಹೊಳೆ

ಆರು ವರ್ಷದ ಹಿಂದೆ ನಮ್ಮೂರಿನ ಹೊಲದಲ್ಲಿ ಪಾಲಿಹೌಸ್ ಹಾಕಿಸಿ ಜರ್ಬೆರಾ ಬೆಳೀಬೇಕು ಅಂತ ನನಗೆ ಹುಚ್ಚು ಹತ್ತಿತ್ತು. ಸಾಫ್ಟ್‌ವೇರ್ ಎಂಜಿನಿಯರ್‌ಗೆ ಹುಚ್ಚು ಹತ್ತಿದರೂ ಅದು ಎಕ್ಸೆಲ್ ಶೀಟಿನಲ್ಲೇ ಹತ್ತೋದು. ಸಾಲ, ಸಬ್ಸಿಡಿ, ಸಸಿಯ ಬೆಲೆ, ಗೊಬ್ಬರ, ಕೂಲಿ, ಪ್ಯಾಕಿಂಗ್, ಗಾಡಿ ಬಾಡಿಗೆ, ಮದುವೆ ಸೀಸನ್ನಿನ ರೇಟು, ಆಷಾಢದ ರೇಟು, ಎಲ್ಲಕ್ಕೂ ಒಂದೊಂದು ಸಾಲು ಇತ್ತು. ಮೂರನೇ ವರ್ಷಕ್ಕೆ ಹಾಕಿದ ದುಡ್ಡು ವಾಪಸ್ ಬರುತ್ತೆ ಅಂತ ಕೊನೆಯ ಸಾಲು ಹಸಿರು ಬಣ್ಣದಲ್ಲಿ ಹೇಳುತ್ತಿತ್ತು.

ನಮ್ಮೂರು ದೊಡ್ಡಬಳ್ಳಾಪುರದ ಕಡೆ. ಅಪ್ಪ ತೀರಿಕೊಂಡ ಮೇಲೆ ಒಂದು ಎಕರೆ ಜಮೀನು ಅಮ್ಮನ ಹೆಸರಿಗೆ ಬಂದಿತ್ತು. ಸಾಲ ಬೇಕು ಅಂದರೆ ಅವಳ ಸಹಿ ಬೇಕು. ಒಂದು ಭಾನುವಾರ ಶೀಟನ್ನ ಪ್ರಿಂಟ್ ತೆಗೆದುಕೊಂಡು ಊರಿಗೆ ಹೋದೆ. ಏಳನೇ ಕ್ಲಾಸ್ ಓದಿರುವ ಅಮ್ಮ ಬೆರಳಿಟ್ಟು ಒಂದೊಂದೇ ಸಾಲು ನೋಡಿದಳು. ಮುಗಿಸಿ, “ಎಲ್ಲಾ ಬರ್ದಿದೀಯ. ನೀರು ಎಲ್ಲೈತೆ ಇದ್ರಲ್ಲಿ?” ಅಂದಳು.

ನಾನು 14ನೇ ಸಾಲು ತೋರಿಸಿದೆ. ‘ನೀರು: ಬೋರ್‌ವೆಲ್ ಇದೆ’ ಅಂತ ಅಲ್ಲಿತ್ತು. ಅಮ್ಮ ನಕ್ಕು ಎದ್ದು ಹೋದಳು. ಸಹಿ ಬೀಳಲಿಲ್ಲ.

ನನಗೆ ಸಿಟ್ಟು ಬಂತು. ಹೂವಿನ ಬೇಸಾಯ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ, ಬದಲಾಗದವರು ಉಳಿದಿಲ್ಲ, ಇದನ್ನ ಪುರಾವೆ ಸಮೇತ ಅಮ್ಮನ ಮುಂದೆ ಇಡಬೇಕು ಅನ್ನಿಸಿತು. ಹಾಗಾಗಿ ರಾತ್ರಿ ಹೊತ್ತು ಹೂವಿನ ಇತಿಹಾಸ ಓದೋಕೆ ಕೂತೆ. ವಾದ ಗೆಲ್ಲೋಕೆ ಅಂತ ಓದಲು ಕೂತವನಿಗೆ ಏನಾಯಿತು ಅನ್ನೋದೇ ಈ ಬರಹ.

ಮೊದಲು ಪೆಟ್ಟು ತಿಂದದ್ದು ಅಮ್ಮನ ವಾದ. “ಜರ್ಬೆರಾ ಫಾರಿನ್ ಹೂವು, ನಮಗೆ ನಮ್ಮ ಹೂವೇ ಸಾಕು” ಅಂತ ಅವಳು ಹೇಳುತ್ತಿದ್ದಳು. ನಮ್ಮ ಹೊಲದಲ್ಲಿ ಆಗ ಇದ್ದದ್ದು ಚೆಂಡು ಹೂವು, ಸುಗಂಧರಾಜ, ಆಸ್ಟರ್, ಸೇವಂತಿಗೆ. ಇವುಗಳಲ್ಲಿ ‘ನಮ್ಮ’ದು ಯಾವುದು ನೋಡಿ. ಚೆಂಡು ಹೂವಿನ ತವರು ಮೆಕ್ಸಿಕೊ. 16ನೇ ಶತಮಾನದಲ್ಲಿ ಯುರೋಪಿನವರು ಅಮೆರಿಕದ ಗಿಡಗಳನ್ನ ಹಡಗಿಗೆ ತುಂಬಿಕೊಂಡು ತಿರುಗಾಡೋಕೆ ಶುರು ಮಾಡಿದ ಮೇಲೆ ಅದು ಇಲ್ಲಿಗೆ ಬಂದದ್ದು. ದಸರಾ ಆಯುಧಪೂಜೆಗೆ ಬೈಕಿಗೆ ಸುತ್ತುವ ಆ ಹೂವು ವಿಜಯನಗರದ ಮೊದಲ ರಾಜರಿಗೆ ಗೊತ್ತೇ ಇರಲಿಲ್ಲ. ಸುಗಂಧರಾಜವೂ ಮೆಕ್ಸಿಕೊದ್ದೇ. ಅಲ್ಲಿನ ಅಜ್ಟೆಕ್ ಜನರ ಭಾಷೆಯಲ್ಲಿ ಅದರ ಹೆಸರಿಗೆ ‘ಎಲುಬಿನ ಹೂವು’ ಅಂತ ಅರ್ಥ. ಮದುವೆ ಮಂಟಪದಲ್ಲಿ ನಿಂತು ಈ ವಿಷಯ ಯಾರಿಗೂ ಹೇಳಬೇಡಿ. ಆಸ್ಟರ್ ಚೀನಾದ್ದು. 18ನೇ ಶತಮಾನದಲ್ಲಿ ಅಲ್ಲಿದ್ದ ಒಬ್ಬ ಫ್ರೆಂಚ್ ಪಾದ್ರಿ ಬೀಜವನ್ನ ಪ್ಯಾರಿಸ್ಸಿಗೆ ಕಳಿಸಿದ, ಯುರೋಪಿನ ತೋಟಗಾರರು ಅದರಿಂದ ಬಣ್ಣಬಣ್ಣದ ತಳಿ ಮಾಡಿದರು. ನಾವು ಬೆಳೆಯುವ ಸೇವಂತಿಗೆಯ ಮೂಲವೂ ಚೀನಾ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಬಂದು ಸಂಸಾರ ಮಾಡ್ಕೊಂಡು ಹೋಗೋರು ಎಲ್ಲಾ ನಮ್ಮೋರೇ ಬಿಡು” ಅಂದಳು.

ಈ ಮಾತು ತಲೆಯಲ್ಲಿ ಉಳಿಯಿತು. ಹೂವು ಎಲ್ಲಿಂದ ಬಂತು ಅನ್ನೋದು ಮುಖ್ಯ ಅಲ್ಲ. ಬಂದ ಮೇಲೆ ನಮ್ಮ ಮಣ್ಣು, ನಮ್ಮ ನೀರಿನ ಜೊತೆ ಸಂಸಾರ ಮಾಡಿತಾ ಇಲ್ಲವಾ ಅನ್ನೋದು ಮುಖ್ಯ. ಅಲ್ಲಿಂದ ಮುಂದೆ ನಾನು ಓದಿದ್ದು ಈ ಪ್ರಶ್ನೆ ಇಟ್ಟುಕೊಂಡು.

1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಿದ್ದ. ಪೇಟೆಯಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುತ್ತಾರೆ, ಇಲ್ಲಿನ ಜನಕ್ಕೆ ಊಟದಷ್ಟೇ ಹೂವೂ ಬೇಕು ಅನ್ನೋ ಅರ್ಥದಲ್ಲಿ ಬರೆದಿಟ್ಟಿದ್ದಾನೆ. ಅಂದರೆ ಹೂವಿನ ವ್ಯಾಪಾರ ನಮಗೆ ಹೊಸದಲ್ಲ. ಆದರೆ ನಮ್ಮಲ್ಲಿ ಹೂವು ಅಂದರೆ ಮುಡಿಯೋಕೆ, ದೇವರಿಗೆ ಏರಿಸೋಕೆ, ಹಾರ ಕಟ್ಟೋಕೆ. ಅಳತೆಯೂ ಹಾಗೇ: ಮೊಳ, ಮಾರು, ಸೇರು. ಇದಕ್ಕೆ ಮಾರುಕಟ್ಟೆಯ ಭಾಷೆಯಲ್ಲಿ ‘ಬಿಡಿ ಹೂವು’ ಅಂತಾರೆ. ತೊಟ್ಟಿಂದ ಕಿತ್ತರೆ ಆಯಿತು. ಕಾಂಡ, ಎಲೆ, ಬೇರು ಎಲ್ಲ ಹೊಲದಲ್ಲೇ ಉಳಿಯುತ್ತವೆ. ಹೂವು ಮುಗಿದ ಮೇಲೆ ಗಿಡವನ್ನ ಅಲ್ಲೇ ಉಳುತ್ತಾರೆ, ಇಲ್ಲವೇ ತಿಪ್ಪೆಗೆ ಹಾಕುತ್ತಾರೆ.

ಕಾಂಡದ ಸಮೇತ ಕತ್ತರಿಸಿ ಮಾರುವ ‘ಕಟ್ ಫ್ಲವರ್’ ಬೇರೆಯದೇ ಕಥೆ. ಅದಕ್ಕೆ ಹೂದಾನಿ ಬೇಕು, ಹೂದಾನಿ ಇಡೋಕೆ ಮೇಜು ಬೇಕು. ಬೆಂಗಳೂರಿನಲ್ಲಿ ಅದು ದಂಡಿನ ಬಂಗಲೆಗಳ ಜೊತೆ ಬಂದ ರೂಢಿ. ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ, ಹೈದರಾಲಿ ಕಾಲದಲ್ಲಿ. ಆದರೆ ಹೂವನ್ನ ಸಾಲಾಗಿ ಜೋಡಿಸಿಟ್ಟು ನೋಡುವ ಮನೆ, ಗಾಜಿನ ಮನೆ, ಬಂದದ್ದು ಜಾನ್ ಕ್ಯಾಮೆರಾನ್ ಸೂಪರಿಂಟೆಂಡೆಂಟ್ ಆಗಿದ್ದಾಗ. 1889ರಲ್ಲಿ ಅದರ ಅಡಿಗಲ್ಲು ಬಿತ್ತು. 1908ರಲ್ಲಿ ಜರ್ಮನಿಯ ಕ್ರುಂಬಿಗಲ್ ಬಂದರು, 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಆಯಿತು. ಹೀಗೆ ಒಂದೇ ಊರಿನಲ್ಲಿ ಹೂವಿಗೆ ಎರಡು ಲೆಕ್ಕ ಬಂತು. ಪೇಟೆಯಲ್ಲಿ ಮೊಳದ ಲೆಕ್ಕ, ದಂಡಿನಲ್ಲಿ ಕಡ್ಡಿಯ ಲೆಕ್ಕ.

ಈ ವ್ಯತ್ಯಾಸ ಬರೀ ಫ್ಯಾಷನ್ನಿಂದಲ್ಲ. ಕಡ್ಡಿಯ ಲೆಕ್ಕದಲ್ಲಿ ಹೂವಿನ ಜೊತೆ ಉದ್ದನೆಯ ಕಾಂಡ, ಒಂದಷ್ಟು ಎಲೆ ಹೊಲದಿಂದ ಆಚೆ ಹೋಗುತ್ತವೆ. ಕಾಂಡ ಉದ್ದವಾದಷ್ಟೂ ರೇಟು ಜಾಸ್ತಿ. ಹೊಲ ಕಳಕೊಳ್ಳೋದೂ ಜಾಸ್ತಿ. ಅಷ್ಟನ್ನ ವಾಪಸ್ ಕೊಡದೆ ಇದ್ದರೆ ಮಣ್ಣು ಬಡವಾಗುತ್ತೆ. ನನ್ನ ಶೀಟಿನಲ್ಲಿ ಇದಕ್ಕೂ ಒಂದು ಸಾಲು ಇರಲಿಲ್ಲ.

ಇನ್ನು ನೀರಿನ ವಿಷಯ. ನಮ್ಮ ಸೀಮೆಯ ಹೊಳೆ ಅರ್ಕಾವತಿ. ನಂದಿ ಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನ ತುಂಬಿಸಿ, ಹೆಸರಘಟ್ಟದ ಕಡೆ ಇಳಿದು, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ ಸೇರುತ್ತೆ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು ಕಾವೇರಿ ಅಲ್ಲ, ಈ ಅರ್ಕಾವತಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಹೆಸರಘಟ್ಟದ ಕೆರೆ ಕಟ್ಟಿ ಅಲ್ಲಿಂದ ನೀರು ತಂದರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ನೀವು ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವರಾದರೆ ನಿಮ್ಮ ಅಜ್ಜಿ ಕಾಫಿ ಮಾಡಿದ್ದು ನಮ್ಮೂರ ಕಡೆಯ ನೀರಿನಲ್ಲಿ.

1967ರಲ್ಲಿ ಅದೇ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಯಿತು. ಅವರು ಬಿಡುಗಡೆ ಮಾಡುವ ತಳಿಗಳ ಹೆಸರಿನ ಮುಂದೆ ‘ಅರ್ಕಾ’ ಅಂತ ಇರುತ್ತಲ್ಲ, ಅದು ಅರ್ಕಾವತಿಯ ಅರ್ಕಾ. ಸುಗಂಧರಾಜದ ಸಿಂಗಲ್ ಮತ್ತು ಡಬಲ್ ಬಗೆಗಳನ್ನ ಬೆರೆಸಿ ಶೃಂಗಾರ್, ಸುವಾಸಿನಿ ಅನ್ನುವ ತಳಿಗಳನ್ನ ಅಲ್ಲೇ ಮಾಡಿದರು. ಆಸ್ಟರ್‌ನಲ್ಲಿ ಕಾಮಿನಿ, ಪೂರ್ಣಿಮಾ ಅಲ್ಲಿಯವೇ. ಶೃಂಗಾರ್ ಬೇರುಗಂಟು ಜಂತುಹುಳವನ್ನ ಸ್ವಲ್ಪ ಮಟ್ಟಿಗೆ ತಡೆದುಕೊಳ್ಳುತ್ತೆ. ಅಪ್ಪ ನಾಟಿ ಮಾಡಿದ್ದೂ ಅದನ್ನೇ. ಮೆಕ್ಸಿಕೊದ ಹೂವು, ಚೀನಾದ ಹೂವು, ನಮ್ಮ ಹೊಳೆಯ ದಂಡೆಯಲ್ಲಿ ಹೊಸ ಹೆಸರು ಇಟ್ಟುಕೊಂಡು ನಮ್ಮ ಹೊಲಕ್ಕೆ ಬಂದವು. ಅಮ್ಮನ ಭಾಷೆಯಲ್ಲಿ ಹೇಳೋದಾದರೆ ಸಂಸಾರಕ್ಕೆ ಇಳಿದವು.

ಹೊಳೆ ಮಾತ್ರ ಉಳಿಯಲಿಲ್ಲ. ನಾನು ಚಿಕ್ಕವನಿದ್ದಾಗಲೇ ಅರ್ಕಾವತಿ ಅಂದರೆ ಜಾಲಿ ಗಿಡ ಬೆಳೆದ ಒಂದು ಹಳ್ಳ. ಮಳೆ ಕಮ್ಮಿಯಾಯಿತು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅರ್ಕಾವತಿ ಯಾಕೆ ಬತ್ತಿತು ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿ 2015ರಲ್ಲಿ ಬರೆದದ್ದು ಬೇರೆ. ಮುಖ್ಯ ಕಾರಣ ಮಳೆ ಅಲ್ಲ, ನೆಲದಡಿಯಿಂದ ಎತ್ತಿದ ನೀರು ಮತ್ತು ಊರೂರಿಗೂ ಹಬ್ಬಿದ ನೀಲಗಿರಿ ತೋಪು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧಿಸಿತು. ಬೋರ್‌ವೆಲ್ ಕೊರೆಯೋದನ್ನ ಯಾರೂ ನಿಲ್ಲಿಸಲಿಲ್ಲ. ನಾವೂ ನಿಲ್ಲಿಸಿರಲಿಲ್ಲ. ಅಪ್ಪ ಮೂರು ಕೊರೆಸಿದ್ದ, ಎರಡು ಒಣಗಿದ್ದವು.

ಈ ನೀರು ಇಳಿಯುತ್ತಿದ್ದ ವರ್ಷಗಳಲ್ಲೇ ನಮ್ಮ ಕಡೆ ಪಾಲಿಹೌಸ್‌ಗಳು ಏಳೋಕೆ ಶುರುವಾದವು. 1988ರ ಹೊಸ ಬೀಜ ನೀತಿ ಹೊರದೇಶದ ಬೀಜ, ಸಸಿ ತರಿಸಿಕೊಳ್ಳೋದನ್ನ ಸುಲಭ ಮಾಡಿತು. 1991ರ ಉದಾರೀಕರಣ ಬಂಡವಾಳಕ್ಕೆ ಬಾಗಿಲು ತೆರೆಯಿತು. ಬೆಂಗಳೂರು, ಪುಣೆ ಸುತ್ತಮುತ್ತ ರಫ್ತಿಗೆ ಅಂತಲೇ ಗುಲಾಬಿ ಕಂಪನಿಗಳು ಬಂದವು. ಹಾಲೆಂಡ್, ಇಸ್ರೇಲ್ ತಂತ್ರಜ್ಞಾನ, ಅಲ್ಲಿಂದಲೇ ತರಿಸಿದ ಗಿಡ. ಹಾಲೆಂಡಿನ ಆಲ್ಸ್‌ಮೀರ್‌ನಲ್ಲಿ 1911–12ರ ಹೊತ್ತಿಗೆ ಬೆಳೆಗಾರರೇ ಸೇರಿ ಶುರು ಮಾಡಿದ ಹರಾಜು, ಗಡಿಯಾರದ ಮುಳ್ಳು ಮೇಲಿನ ಬೆಲೆಯಿಂದ ಕೆಳಗೆ ಇಳಿಯುವ ಪದ್ಧತಿ, ಆಮೇಲೆ ನಮ್ಮ ಹೆಬ್ಬಾಳಕ್ಕೂ ಬಂತು. ಹಲವು ಕಂಪನಿಗಳು ಹತ್ತು ವರ್ಷವೂ ಬಾಳಲಿಲ್ಲ. ವಿಮಾನದ ಖರ್ಚು, ಸಾಲದ ಬಡ್ಡಿ, ಆಫ್ರಿಕಾದ ಪೈಪೋಟಿ ಸೇರಿ ಮುಗಿಸಿದವು. 2005ರ ನಂತರ ರಾಷ್ಟ್ರೀಯ ತೋಟಗಾರಿಕಾ ಮಿಷನ್ನಿನ ಸಬ್ಸಿಡಿ ಬಂದಾಗ ಸಣ್ಣ ರೈತರೂ ಪಾಲಿಹೌಸ್ ಕಟ್ಟಿದರು. ಚೆನ್ನಾಗಿ ದುಡಿದವರನ್ನ ನಾನು ಬಲ್ಲೆ. ಪ್ಲಾಸ್ಟಿಕ್ ಹರಿದು ಕಬ್ಬಿಣದ ಅಸ್ಥಿಪಂಜರ ಮಾತ್ರ ನಿಂತಿರುವ ಹೊಲಗಳನ್ನೂ ಬಲ್ಲೆ. ಬಸ್ಸಿನ ಕಿಟಕಿಯಿಂದ ಎರಡೂ ಕಾಣುತ್ತವೆ.

ಪಾಲಿಹೌಸ್ ಅನ್ನೋದೇ ಕೆಟ್ಟದ್ದು ಅಂತ ನಾನು ಹೇಳಲ್ಲ. ಡ್ರಿಪ್ಪಿನಲ್ಲಿ ಅಳೆದು ಕೊಡುವುದರಿಂದ ನೀರು ಪೋಲಾಗೋದು ಕಮ್ಮಿ. ಅದರ ಛಾವಣಿಯ ಮಳೆ ನೀರನ್ನ ಹಿಡಿದಿಡಬಹುದು. ಹಾಗಾದರೆ ಅಮ್ಮನ ಪ್ರಶ್ನೆಗೆ ಉತ್ತರ ಏನು? ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಈ ಲೆಕ್ಕವನ್ನ ನೀವೂ ಮೊಬೈಲಿನಲ್ಲಿ ಮಾಡಿ ನೋಡಬಹುದು.

ಹತ್ತು ಗುಂಟೆ ಅಂದರೆ ಸುಮಾರು ಒಂದು ಸಾವಿರ ಚದರ ಮೀಟರ್. ಚದರ ಮೀಟರಿಗೆ 6 ಜರ್ಬೆರಾ ಗಿಡ, ಒಟ್ಟು 6,000. ಗಿಡಕ್ಕೆ ದಿನಕ್ಕೆ 600 ಮಿಲಿಲೀಟರ್ ಅಂದರೂ ದಿನಕ್ಕೆ 3,600 ಲೀಟರ್, ವರ್ಷಕ್ಕೆ 13 ಲಕ್ಷ ಲೀಟರ್. ಈಗ ಮಳೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕಡೆ ವರ್ಷದ ಮಳೆ ಸುಮಾರು 800 ಮಿಲಿಮೀಟರ್. ಆ ಹತ್ತು ಗುಂಟೆಯ ಮೇಲೆ ಬೀಳೋದು 8 ಲಕ್ಷ ಲೀಟರ್. ಒಂದು ಹನಿಯೂ ಬಿಡದೆ ಹಿಡಿದಿಟ್ಟರೂ ಇನ್ನೂ 5 ಲಕ್ಷ ಲೀಟರ್ ಸಾಲದು. ಅದನ್ನ ಪಕ್ಕದ ಮೂವತ್ತು ಗುಂಟೆಯ ಮಳೆಯಿಂದ ತುಂಬಿಸಬಹುದಾಗಿತ್ತು. ಅದಕ್ಕೆ ದೊಡ್ಡ ಹೊಂಡ ಬೇಕು, ಹೊಂಡಕ್ಕೆ ಜಾಗ ಬೇಕು, ದುಡ್ಡು ಬೇಕು. ನನ್ನ ಶೀಟಿನಲ್ಲಿ ಹೊಂಡವೇ ಇರಲಿಲ್ಲ. ‘ಬೋರ್‌ವೆಲ್ ಇದೆ’ ಅಂದರೆ ನೆರೆಯವನ ಹೊಲದ ಅಡಿಯಿಂದ ಎಳೆದುಕೊಳ್ಳುತ್ತೇನೆ ಅಂತಲೇ ಅರ್ಥ. ಹಸಿರು ಬಣ್ಣದ ಕೊನೆಯ ಸಾಲು ಕೆಂಪಾಗೋಕೆ ಇದೊಂದೇ ಲೆಕ್ಕ ಸಾಕಾಯಿತು.

ಇಲ್ಲಿವರೆಗೆ ಅಮ್ಮ ಗೆದ್ದಳು. ಆದರೆ ನಾನು ಓದಿದ್ದರಲ್ಲಿ ಅಮ್ಮನಿಗೂ ಗೊತ್ತಿಲ್ಲದ ಒಂದು ವಿಷಯ ಇತ್ತು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಆಸ್ಟರ್ ಇಲ್ಲವೇ ಟೊಮ್ಯಾಟೊ ತೆಗೆದ ಜಾಗಕ್ಕೆ ಚೆಂಡು ಹೂವು ಹಾಕಬೇಕು, ಅದೇ ಜಾಗಕ್ಕೆ ಅದೇ ಬೆಳೆ ಬೇಡ. ಯಾಕೆ ಅಂತ ಕೇಳಿದರೆ “ಭೂಮಿ ಬೇಸರ ಮಾಡ್ಕೊಳ್ತದೆ” ಅನ್ನೋದು ಅಮ್ಮನ ಉತ್ತರ. ಎಂಜಿನಿಯರಿಂಗ್ ಓದಿದ ಮಗನಿಗೆ ಇದು ಉತ್ತರ ಅನ್ನಿಸಲಿಲ್ಲ. ಪಾಲಿಹೌಸ್ ಕೈಬಿಟ್ಟ ವರ್ಷ, ಹಿಂದಿನ ಸಲ ಆಸ್ಟರಿಗೆ ಒಳ್ಳೆ ರೇಟು ಸಿಕ್ಕಿತ್ತು ಅಂತ ಅದೇ ಮಡಿಗಳಲ್ಲಿ ಮತ್ತೆ ಆಸ್ಟರ್ ಹಾಕಿಸಿದೆ. ಮೊಗ್ಗು ಬರುವ ಹೊತ್ತಿಗೆ ಗಿಡಗಳು ಒಂದು ಕಡೆಯಿಂದ ಬಾಡುತ್ತಾ ಬಂದವು. ಹದಿನೈದು ದಿನದಲ್ಲಿ ಅರ್ಧ ಮಡಿ ಹೋಯಿತು. ಸೊರಗು ರೋಗ. ಅದರ ಶಿಲೀಂಧ್ರ ಮಣ್ಣಲ್ಲೇ ಕಾದು ಕೂತಿರುತ್ತೆ, ಅದೇ ಬೆಳೆ ಮತ್ತೆ ಬಂದರೆ ಅದಕ್ಕೆ ಹಬ್ಬ. ವರಮಹಾಲಕ್ಷ್ಮಿ ಹಬ್ಬದ ವಾರ, ಹೂವಿನ ರೇಟು ಏರಿದ್ದಾಗ, ಅಮ್ಮ ಬಾಡಿದ ಗಿಡ ಕಿತ್ತು ಸುಡುತ್ತಿದ್ದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಚೆಂಡು ಹೂವಿನ ಕಥೆ ಹುಡುಕಿಕೊಂಡು ಹೋದದ್ದು ಆಮೇಲೆ. ಹೂವಿನ ಬೇಸಾಯದ ದೊಡ್ಡ ಶತ್ರುಗಳಲ್ಲಿ ಒಂದು ಬೇರಿಗೆ ಬೀಳುವ ಸೂಕ್ಷ್ಮ ಜಂತುಹುಳ. ಕಣ್ಣಿಗೆ ಕಾಣಲ್ಲ, ಬೇರು ಗಂಟುಗಂಟಾಗುತ್ತೆ. ಹೊರದೇಶದ ದೊಡ್ಡ ತೋಟಗಳು ಇದಕ್ಕೆ ಮಣ್ಣಿಗೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸುತ್ತಿದ್ದವು. ಅದು ಓಝೋನ್ ಪದರವನ್ನ ಹಾಳು ಮಾಡುತ್ತೆ ಅಂತ 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿತು, ಶ್ರೀಮಂತ ದೇಶಗಳು 2005ರೊಳಗೆ, ಉಳಿದವು 2015ರೊಳಗೆ ಅದನ್ನ ಬಿಡಬೇಕಾಯಿತು. ಇನ್ನೊಂದು ದಾರಿ ಹಾಲೆಂಡಿನಲ್ಲೇ ಸಿಕ್ಕಿತ್ತು. ಚೆಂಡು ಹೂವು ಬೆಳೆದ ಜಾಗದಲ್ಲಿ ಜಂತುಹುಳ ಕಮ್ಮಿಯಾಗೋದನ್ನ ಅಲ್ಲಿನ ವಿಜ್ಞಾನಿಗಳು ಗಮನಿಸಿದರು. 1958ರಲ್ಲಿ ಊಲೆನ್‌ಬ್ರೂಕ್ ಮತ್ತು ಬೈಲೂ ಅನ್ನುವವರು ಅದರ ಬೇರಿನಲ್ಲಿ ಹುಳ ಕೊಲ್ಲುವ ವಸ್ತು ಆಲ್ಫಾ ಟರ್ಥಿಯೆನೈಲ್ ಅಂತ ತೋರಿಸಿದರು. ಹೆಸರಘಟ್ಟದವರು ಇದೇ ಹೂವನ್ನ ಇನ್ನೊಂದು ಕೆಲಸಕ್ಕೆ ಹಚ್ಚಿದರು. 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂವು, 25 ದಿನದ ಟೊಮ್ಯಾಟೊ ಸಸಿ ಜೊತೆ 40 ದಿನದ ಚೆಂಡು ಹೂವಿನ ಸಸಿ. ಕಾಯಿಕೊರಕದ ಚಿಟ್ಟೆ ಟೊಮ್ಯಾಟೊ ಬಿಟ್ಟು ಹೂವಿನ ಮೇಲೆ ಮೊಟ್ಟೆ ಇಡುತ್ತೆ.

ಇದನ್ನ ‘ನಮ್ಮ ಪೂರ್ವಜರಿಗೆ ಎಲ್ಲಾ ಗೊತ್ತಿತ್ತು’ ಅಂತ ಹೇಳಿ ಮುಗಿಸೋಕೆ ಆಗಲ್ಲ. ಚೆಂಡು ಹೂವೇ ಇಲ್ಲಿಗೆ ಬಂದು ಐನೂರು ವರ್ಷ ಆಗಿಲ್ಲ. ಬಂದ ಹೊಸ ಗಿಡವನ್ನ ಯಾರೋ ಬೆಳೆದರು, ಅದರ ನಂತರದ ಬೆಳೆ ಚೆನ್ನಾಗಿ ಬಂದದ್ದನ್ನ ನೋಡಿದರು, ಪಕ್ಕದವರಿಗೆ ಹೇಳಿದರು. ಕಾರಣ ಮರೆತರೂ ಪದ್ಧತಿ ಉಳಿಯಿತು. ನಮ್ಮ ಆಫೀಸಿನ ಹಳೇ ಕೋಡಿನಲ್ಲೂ ಹೀಗೇ, ಬರೆದವರು ಬಿಟ್ಟು ಹೋಗಿರ್ತಾರೆ, ಕಾಮೆಂಟ್ ಇರಲ್ಲ. ಬೇಡದ್ದು ಅಂತ ಅಳಿಸಿದ ದಿನ ಅದರ ಕೆಲಸ ಏನಿತ್ತು ಅಂತ ಗೊತ್ತಾಗುತ್ತೆ. ಕಾರಣ ಗೊತ್ತಾದರೆ ಪದ್ಧತಿಯನ್ನ ಸುಧಾರಿಸಲೂಬಹುದು. ಅಮ್ಮ ಬದುವಿನ ಮೇಲೆ ನಾಲ್ಕು ಚೆಂಡು ಗಿಡ ನೆಟ್ಟರೂ ಸಾಕು ಅಂದುಕೊಂಡಿದ್ದಳು. ಬೇರಿನ ಹುಳಕ್ಕೆ ಅದು ಸಾಲದು. ಇಡೀ ಮಡಿಯಲ್ಲಿ ದಟ್ಟವಾಗಿ, ಎರಡು ಮೂರು ತಿಂಗಳು ಜೀವಂತ ಬೇರು ಇರಬೇಕು. ಇದನ್ನ ಹೇಳಿದಾಗ ಅವಳು ತಕ್ಷಣ ಒಪ್ಪಿದಳು. “ಹಂಗೆ ಬಿಡಿಸಿ ಹೇಳು. ಸುಮ್ನೆ ಪ್ರಿಂಟ್ ತಂದು ಸೈನ್ ಹಾಕು ಅಂದ್ರೆ ಹೆಂಗೆ?”

ಈಗ ನಮ್ಮ ಎಕರೆ ನಾಲ್ಕು ಭಾಗವಾಗಿದೆ. ಒಂದರಲ್ಲಿ ಸುಗಂಧರಾಜ, ಮೂರು ವರ್ಷ ಅಲ್ಲೇ ಇದ್ದು ಗಡ್ಡೆ ಕಿತ್ತು ಜಾಗ ಬದಲಿಸುತ್ತೆ. ಅದರ ಸ್ವಲ್ಪ ಭಾಗವನ್ನ ಕಡ್ಡಿ ಸಮೇತ ಕತ್ತರಿಸಿ ಮಾರುತ್ತೇವೆ, ಉಳಿದದ್ದು ಬಿಡಿ ಹೂವು. ಇನ್ನೊಂದರಲ್ಲಿ ಆಸ್ಟರ್, ಮತ್ತೊಂದರಲ್ಲಿ ಚೆಂಡು ಹೂವು, ಮಳೆಗಾಲ ನೋಡಿ. ನಾಲ್ಕನೆಯದರಲ್ಲಿ ರಾಗಿ, ಜೊತೆಗೆ ಅವರೆ. ಹೂವಿನ ನಡುವೆ ಊಟದ ಬೆಳೆ ಇರಲಿ ಅನ್ನೋದು ಅಮ್ಮನ ಷರತ್ತು. ತಗ್ಗಿನ ಮೂಲೆಯಲ್ಲಿ ಒಂದು ಕೃಷಿ ಹೊಂಡ, ಎಲ್ಲ ಮಡಿಗೂ ಡ್ರಿಪ್, ಮಡಿ ಮೇಲೆ ಒಣಹುಲ್ಲಿನ ಹೊದಿಕೆ. ಕಿತ್ತ ಗಿಡ ಹೊಲದಿಂದ ಆಚೆ ಹೋಗಲ್ಲ, ರೋಗ ಬಂದದ್ದನ್ನ ಬಿಟ್ಟು. ಬೋರ್‌ವೆಲ್ ಇದೆ, ಬೇಸಿಗೆಯಲ್ಲಿ ಮಾತ್ರ ಓಡುತ್ತೆ. ಹೊಸದು ಕೊರೆಸಿಲ್ಲ.

ದುಡ್ಡಿನ ವಿಷಯ ಮುಚ್ಚಿಡಲ್ಲ. ಕೂಲಿ, ಗಾಡಿ ಬಾಡಿಗೆ ಕಳೆದು ವರ್ಷಕ್ಕೆ ಉಳಿಯೋದು ನನ್ನ ಎರಡು ತಿಂಗಳ ಸಂಬಳದಷ್ಟೂ ಇಲ್ಲ. ಊರಿನ ಸಂಬಳವಿಲ್ಲದ ರೈತನಿಗೆ ಇದನ್ನ ಮಾದರಿ ಅಂತ ತೋರಿಸೋಕೆ ನನಗೆ ನಾಚಿಕೆಯಾಗುತ್ತೆ. ಆದರೆ ಸಾಲ ಇಲ್ಲ. ಮೂರನೇ ವರ್ಷದ ಆಸ್ಟರ್ ಮೊದಲ ವರ್ಷಕ್ಕಿಂತ ಚೆನ್ನಾಗಿ ಬಂತು. ರೇಟು ಬಿದ್ದು ಚೆಂಡು ಹೂವು ಕೀಳೋ ಕೂಲಿಯೂ ಹುಟ್ಟದ ವಾರ ಅಮ್ಮ ಅದನ್ನ ಹಾಗೇ ಉಳುಮೆ ಮಾಡಿಸಿ ಮಲಗುತ್ತಾಳೆ. ಜರ್ಬೆರಾ ಇದ್ದಿದ್ದರೆ ಆ ವಾರವೂ ಕಂತು ಕಟ್ಟಬೇಕಿತ್ತು.

ಹಳೇ ಎಕ್ಸೆಲ್ ಶೀಟು ಇನ್ನೂ ನನ್ನ ಲ್ಯಾಪ್‌ಟಾಪಿನಲ್ಲಿದೆ. ಜರ್ಬೆರಾದ ಸಾಲುಗಳನ್ನ ಅಳಿಸಿದ್ದೇನೆ, 14ನೇ ಸಾಲು ಉಳಿಸಿಕೊಂಡಿದ್ದೇನೆ. ಹೊಂಡದಲ್ಲಿ ಒಂದು ಬಿದಿರ ಕೋಲು ನೆಟ್ಟು ಅಡಿಗೊಂದು ಗೆರೆ ಕೊರೆದಿದ್ದೇವೆ. ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮ ಫೋನ್ ಮಾಡುತ್ತಾಳೆ. ಊಟ ಆಯ್ತಾ ಅಂತ ಕೇಳೋಕೂ ಮೊದಲು ಎಷ್ಟನೇ ಗೆರೆ ಅಂತ ಹೇಳುತ್ತಾಳೆ. ನಾನು ಟೈಪ್ ಮಾಡುತ್ತೇನೆ. ಕಳೆದ ವಾರ ಐದು ಇತ್ತು. ಈ ವಾರ ನಾಲ್ಕೂವರೆ.